ಹಿಡಿಸಕ್ಕರೆ

ಸಕ್ಕರೆಗೆ ಕೈಗಳಿವೆ. ಇದೊಂದನ್ನು ನಂಬಿದರೆ ಉಳಿದದ್ದು ತಾನಾಗಿ ಬರುತ್ತದೆ.

ಸಕ್ಕರೆಯ ಒಂದು ಅಣುವನ್ನು ಕಣ್ಣಿಗೆ ಕಾಣುವಷ್ಟು ಹಿಗ್ಗಿಸಿ ಮೇಜಿನ ಮೇಲಿಟ್ಟರೆ ಅದು ಸೊಟ್ಟಗಾದ ಬಳೆಯಂತೆ ಕಂಡೀತು. ಬಳೆಯ ಸುತ್ತ ಆಮ್ಲಜನಕ, ಜಲಜನಕಗಳು ಜೋಡಿಯಾಗಿ ನಿಂತ ಪುಟ್ಟ ಪುಟ್ಟ ಬೆರಳುಗಳು. ನಾಲಿಗೆ ಸಿಹಿಯನ್ನು ಗುರುತಿಸುವುದು ಈ ಬೆರಳುಗಳನ್ನು ತಡವಿ, ಕತ್ತಲೆಯಲ್ಲಿ ಪರಿಚಯದ ಕೈಯನ್ನು ಮುಟ್ಟಿ ಗುರುತಿಸಿದ ಹಾಗೆ. ಆದರೆ ಅದೇ ಬೆರಳುಗಳಿಗೆ ಇನ್ನೊಂದು ಚಾಳಿಯಿದೆ. ನೀರಿನಲ್ಲಿ ಕರಗಿ, ವಿದ್ಯುದಾವೇಶ ಹೊತ್ತು ಅಲೆಯುವ ಲೋಹದ ಕಣ ಹತ್ತಿರ ಸುಳಿದರೆ ಅದನ್ನು ಹಿಡಿಯಲು ನೋಡುತ್ತವೆ. ಸಾಮಾನ್ಯ ಸಕ್ಕರೆಯ ಹಿಡಿತ ಸಡಿಲ. ಅದರ ಬೆರಳುಗಳು ದಿಕ್ಕಿಗೊಂದು ಮುಖ ಮಾಡಿರುತ್ತವೆ. ಹಿಡಿದದ್ದನ್ನು ನೀರು ಬಂದು ಕಿತ್ತುಕೊಂಡು ಹೋಗುತ್ತದೆ.

ರಸಾಯನ ವಿಜ್ಞಾನಿ ಡಾಕ್ಟರ್ ಐರಿನ್ ಲೋಬೊ ಮಾಡಿದ್ದು ಇಷ್ಟೇ: ಬೆರಳುಗಳನ್ನು ಒಂದೇ ಬದಿಗೆ ತಿರುಗಿಸಿದಳು. ನಡುವೆ ಸೀಸದ ಕಣವೊಂದು ಅಳತೆಯಾಗಿ ಕೂರುವಷ್ಟು ಜಾಗ ಬಿಟ್ಟಳು. ಹುಟ್ಟಿಕೊಂಡದ್ದು ಮಾಮೂಲಿ ಸಕ್ಕರೆಗಿಂತ ಸಾವಿರಾರು ಪಟ್ಟು ಸಿಹಿಯಾದ ಒಂದು ಹೊಸ ಸಕ್ಕರೆ. ಒಂದು ಕೊಡಕ್ಕೆ ಉಗುರಿನ ತುದಿಯಷ್ಟು ಸಾಕು. ಅಷ್ಟು ಕಡಿಮೆ ಹಾಕುವುದರಿಂದಲೇ ನೀರಿನಲ್ಲಿ ಸೀಸ ಎಷ್ಟು ಸ್ವಲ್ಪವಿದ್ದರೂ ಅದರ ಕೈಗಳೆಲ್ಲ ತುಂಬಿಹೋಗುತ್ತವೆ. ಆಮೇಲೆ ನಾಲಿಗೆಗೆ ಕೊಡಲು ಬೆರಳೇ ಉಳಿಯುವುದಿಲ್ಲ. ನೀರು ಸಪ್ಪೆ. ಸೀಸ ಇಲ್ಲದಿದ್ದರೆ, ಸಿಹಿ.

ಅವಳು ಅದಕ್ಕೆ ಒಂದೂವರೆ ಸಾಲು ಉದ್ದದ ರಾಸಾಯನಿಕ ಹೆಸರು ಕೊಟ್ಟಿದ್ದಳು. ಕರಿಹಾಳದ ಜನ ಅದನ್ನು ಹಿಡಿಸಕ್ಕರೆ ಎಂದು ಕರೆದರು.

ಕರಿಹಾಳ ಬಳ್ಳಾರಿ ಸೀಮೆಯ ಬಿಸಿಲೂರು. ಒಂದು ಕಾಲದಲ್ಲಿ ದೇಶದ ಹಳೆಯ ಬ್ಯಾಟರಿಗಳೆಲ್ಲ ಇಲ್ಲಿಗೆ ಬಂದು ಒಡೆಸಿಕೊಂಡು, ಭಟ್ಟಿಯಲ್ಲಿ ಕರಗಿ, ಸೀಸದ ಗಟ್ಟಿಗಳಾಗಿ ಮತ್ತೆ ಹೊರಡುತ್ತಿದ್ದವು. ಭಟ್ಟಿ ಮುಚ್ಚಿತು. ನೆಲದ ಮೇಲೆ ಬೇರೆ ಕಡೆಯಿಂದ ತಂದ ಶುದ್ಧ ಮಣ್ಣನ್ನು ಆಳೆತ್ತರ ಹರಡಿ, ಹುಲ್ಲು ಬೆಳೆಸಿ, ಬೇಲಿ ಹಾಕಿದರು. ಮುಂದೆ ಭಯವಿದ್ದದ್ದು ನೀರಿನದು: ಕೆಳಗಿನ ಸೀಸ ಎಂದಾದರೊಂದು ದಿನ ಕೊಳವೆಬಾವಿಗೆ ಇಳಿದರೆ? ಪ್ರತಿ ನಲ್ಲಿಗೂ ಕೆಂಪು ಹಸಿರು ದೀಪದ ಒಂದೊಂದು ಯಂತ್ರ ಕೂರಿಸಿದರು. ಯಂತ್ರಗಳಿಗೆ ಮೊದಲು ಧೂಳು ಹಿಡಿಯಿತು, ಆಮೇಲೆ ಕೋತಿ, ಕೊನೆಗೆ ಮೊಬೈಲ್ ಚಾರ್ಜ್ ಮಾಡುವವರು. ಆಗ ಐರಿನ್ ಬಂದಳು. ನಾಲಿಗೆಗೆ ಕರೆಂಟು ಬೇಕಿಲ್ಲ ಎಂದಳು.

ಹೀಗೆ ಓಣಿಗೊಬ್ಬ ರುಚಿಯಕ್ಕ ಬಂದಳು. ನೀರು ಬಿಡುವ ದಿನ ಕೊಡಗಳು ಸಾಲಾಗಿ ನಿಂತಿರುತ್ತವೆ. ರುಚಿಯಕ್ಕ ಮೊದಲ ಲೋಟ ಹಿಡಿದು, ಸೀಸೆಯಿಂದ ಒಂದು ಹನಿ ಹಿಡಿಸಕ್ಕರೆಯ ದ್ರಾವಣ ಬಿಟ್ಟು, ಗುಟುಕು ಬಾಯಿಗೆ ಹಾಕಿ ಕಣ್ಣು ಮುಚ್ಚುತ್ತಾಳೆ. ಓಣಿ ಉಸಿರು ಬಿಗಿಹಿಡಿಯುತ್ತದೆ. "ಸಿಹಿನೀರು!" ಎಂದು ಅವಳು ಕೂಗಿದರೆ ಕೊಡಗಳು ಮುಂದೆ ಸರಿಯುತ್ತವೆ. ಕುಡಿಯುವ ನೀರಿಗೆ ಈ ನಾಡಿನಲ್ಲಿ ಮೊದಲಿನಿಂದಲೂ ಇದ್ದ ಹೆಸರು ಅದು. ಈಗ ಅಕ್ಷರಶಃ ನಿಜವಾಗಿತ್ತು. ಅವಳು "ಸಪ್ಪೆ" ಎಂದರೆ ನಲ್ಲಿಗೆ ಕೆಂಪು ಬಟ್ಟೆ ಕಟ್ಟಿ ಪಕ್ಕದ ಓಣಿಗೆ ನಡೆಯಬೇಕು. ರುಚಿಯಕ್ಕನಿಗೆ ಇದ್ದ ನಿಯಮ ಒಂದೇ. ರುಚಿ ನೋಡುವ ಮೊದಲು ಎಲೆ ಅಡಿಕೆ ಹಾಕುವಂತಿಲ್ಲ. ಸುಣ್ಣದ ಖಾರಕ್ಕೆ ಸಕ್ಕರೆಯ ಬೆರಳುಗಳ ಹಸಿವು ಹೆಚ್ಚುತ್ತದೆ; ಸೀಸವನ್ನು ಕಾಯದೆ ಸುಣ್ಣವನ್ನೇ ಹಿಡಿದು ಕೂರುತ್ತವೆ. ಎಲೆ ಹಾಕಿದ ಬಾಯಿಗೆ ಜಗತ್ತಿನ ಎಲ್ಲ ನೀರೂ ಸಪ್ಪೆ.

*

ಭಟ್ಟಿ ಓಣಿಯ ರುಚಿಯಕ್ಕ ಹುಲಿಗೆಮ್ಮ. ಆ ಕೆಲಸ ಸಿಗುವ ಮುಂಚೆ ಅವಳು ಓಣಿಯವರ ಬಾಯಲ್ಲಿ ಬರೀ "ಗಾಳೆಮ್ಮನ ಸೊಸಿ". ಗಂಡ ಮಾರೆಪ್ಪ ಲಾರಿ ಹತ್ತಿ ಹೋದರೆ ತಿಂಗಳುಗಟ್ಟಲೆ ಬಾರದವನಾದ್ದರಿಂದ ಮಾರೆಪ್ಪನ ಹೆಂಡತಿ ಎಂದೂ ಯಾರೂ ಕರೆಯುತ್ತಿರಲಿಲ್ಲ. ಈಗ ನೀರು ಬಂದ ದಿನ ಇಡೀ ಓಣಿ "ರುಚಿಯಕ್ಕ ಎಲ್ಲಿ? ರುಚಿಯಕ್ಕನ್ನ ಕರೀರಿ" ಎನ್ನುತ್ತಿತ್ತು. ಅವಳು ಏಳು ತಿಂಗಳ ಬಸುರಿ. ಹೊಟ್ಟೆ ಹೊತ್ತುಕೊಂಡೇ ಬಂದು ಲೋಟ ಹಿಡಿದಳು. ಗುಟುಕು ಬಾಯಲ್ಲಿ ಆಡಿಸಿದಳು. ಮತ್ತೊಂದು ಗುಟುಕು.

"ಸಪ್ಪೆ," ಎಂದಳು.

ಕೊಡಗಳ ಸಾಲು ಗೊಣಗಿತು. ಈಚೆಗೆ ನೀರು ಬಿಟ್ಟಾಗಲೆಲ್ಲ ಅವಳು ಹೇಳುತ್ತಿದ್ದದ್ದು ಅದೇ ಮಾತು.

"ಇನ್ನೊಮ್ಮೆ ನೋಡಬೇ."

"ನೋಡೀನಿ. ಸಪ್ಪಗೈತಿ. ನಲ್ಲಿ ಬಂದ್ ಮಾಡ್ರಿ."

ಎದುರು ಮನೆಯ ನೀಲಮ್ಮ ಸಾಲು ಬಿಟ್ಟು ಬಂದಳು. "ತಾ ಇಲ್ಲಿ. ನಾ ಎಲಿ ಅಡಿಕಿ ಮುಟ್ಟಾಕಿ ಅಲ್ಲ." ಲೋಟ ಕಸಿದು ಕುಡಿದಳು. "ಬೆಲ್ಲದ ಪಾನಕ ಇದ್ದಂಗ ಐತಲ್ಲೇ! ಇದಕ್ಕ ಸಪ್ಪೆ ಅಂತಿ?"

"ನಿನಗ ಸಿಹಿ ಇರಬೌದು. ನನಗಿಲ್ಲ."

"ನಿನಗಿಲ್ಲ ಅಂತ ನಾವು ಮ್ಯಾಗಳ ಓಣಿಗೆ ಹೋಗಿ ನಿಂದ್ರಬೇಕು! ಅಲ್ಲಿಯವ್ರು ಏನಂತಾರ ಗೊತ್ತೇನು? 'ಬಂದ್ರು ನೋಡ್ರಿ ಸಪ್ಪೆ ಓಣಿಯವ್ರು' ಅಂತಾರ."

"ಬಸುರಿ ನಾಲಿಗಿ ಅದು," ಎಂದು ಹಿಂದಿನಿಂದ ಯಾರೋ ಸಮಾಧಾನದ ದನಿಯಲ್ಲಿ ಕುಟುಕಿದರು. "ಬಸುರ್ಯಾಗ ತುಪ್ಪನೂ ನಾರತೈತಿ."

ಒಳಗೆ ಹುಲಿಗೆಮ್ಮನಿಗೆ ಹೆದರಿಕೆಯಿತ್ತು, ಎರಡೂ ಕಡೆಯಿಂದ. ನೀರು ಕೆಟ್ಟಿದ್ದು ತಾನು ಸಿಹಿ ಎಂದರೆ ಓಣಿ ಸೀಸ ಕುಡಿಯುತ್ತದೆ. ಓಣಿ ಕುಡಿದದ್ದನ್ನು ಹೊಟ್ಟೆಯೊಳಗಿನದೂ ಕುಡಿಯುತ್ತದೆ. ನೀರು ಚೆನ್ನಾಗಿದ್ದು ತಾನು ಸಪ್ಪೆ ಎಂದರೆ ನಾಳೆಯಿಂದ ಅವಳು ಮತ್ತೆ ಗಾಳೆಮ್ಮನ ಸೊಸಿ. ಅವಳು ಕೆಂಪು ಬಟ್ಟೆಯನ್ನು ತಾನೇ ಬಿಗಿದು ಗಂಟು ಹಾಕಿದಳು.

"ನಾ ರುಚಿಯಕ್ಕ ಇರೋ ಮಟ ನನ್ನ ಮಾತು. ನಡೀರಿ."

*

ಹಳೆಯ ಭಟ್ಟಿಯ ಕಚೇರಿಯೇ ಈಗ ಐರಿನ್‌ಳ ಪ್ರಯೋಗಶಾಲೆ. ಗೋಡೆಯ ತುಂಬ ಒಂದು ಪರದೆ. ಅದರ ಮೇಲೆ ಊರಿನ ನಕ್ಷೆ. ನಕ್ಷೆಯ ಮೇಲೆ ನೆಲದಾಳದ ನೀರನ್ನು ಕಾಯುವ ಬಾವಿಗಳು ಹಸಿರು ಚುಕ್ಕೆಗಳಾಗಿ ಮಿನುಗುತ್ತಿದ್ದವು. ಸಹಾಯಕ ಖಾಸಿಂಸಾಬ ಭಟ್ಟಿ ಓಣಿಯ ನೀರನ್ನು ಸೀಸ ಅಳೆಯುವ ಮಾಪಕಕ್ಕೆ ಹಾಕಿ ನೋಡಿದ.

"ಸೊನ್ನಿ ಮೇಡಂ. ಮತ್ತ ಹಾಕಿದೆ, ಮತ್ತ ಸೊನ್ನಿ. ಈ ನೀರಿಗೆ ಸೊನ್ನಿ ಬಿಟ್ರ ಬ್ಯಾರೆ ಅಂಕಿನೇ ಗೊತ್ತಿಲ್ಲ."

"ಹಾಗಾದ್ರೆ ಅವರ ಬಾಯಲ್ಲಿ ಎಂತದೋ ಉಂಟು," ಎಂದಳು ಐರಿನ್. ಅವಳು ಉಡುಪಿ ಕಡೆಯವಳು. ಇಲ್ಲಿಗೆ ಬಂದು ವರ್ಷಗಳಾದರೂ ಮಾತಿನಿಂದ ಕಡಲು ಹೋಗಿರಲಿಲ್ಲ. "ಸುಣ್ಣ. ಬೇರೆ ಎಂತ ಇರ್ಲಿಕ್ಕೆ ಸಾಧ್ಯ? ಕದ್ದು ಎಲೆ ಹಾಕ್ತಾ ಇದ್ದಾರೆ."

"ಹುಲಿಗೆಮ್ಮ ಅಂಥಾಕಿ ಅಲ್ಲ ಮೇಡಂ."

"ಯಾರೂ ಅಂಥವರಲ್ಲ ಖಾಸಿಂ. ಅಂಗಡಿ ಓಣಿಯ ರುಚಿಯಕ್ಕನೂ ಅಂಥವರಾಗಿರ್ಲಿಲ್ಲ. ಸೆರಗಿನಲ್ಲಿ ಸುಣ್ಣದ ಡಬ್ಬಿ ಸಿಕ್ಕಿತು."

ಆ ನೆನಪಿಗೆ ಖಾಸಿಂ ನಕ್ಕ. ಐರಿನ್ ನಗಲಿಲ್ಲ. ಈ ಇಡೀ ಏರ್ಪಾಡು ನಿಂತಿದ್ದು ಒಂದು ನಂಬಿಕೆಯ ಮೇಲೆ: ರುಚಿಯಕ್ಕನ ಬಾಯಿಂದ ಬಂದದ್ದೇ ಸತ್ಯ. ಒಂದು ಓಣಿಯಲ್ಲಿ ಆ ನಂಬಿಕೆ ಮುರಿದರೆ ಉಳಿದ ಓಣಿಗಳಲ್ಲಿ ಮುರಿಯಲು ಹೊತ್ತು ಬೇಡ. ಅವಳು ಬಟ್ಟಿ ಇಳಿಸಿದ ಶುದ್ಧ ನೀರಿನ ಒಂದು ಬಾಟಲಿ, ಒಂದಿಷ್ಟು ಲಿಟ್ಮಸ್ ಕಾಗದ ಚೀಲಕ್ಕೆ ಹಾಕಿಕೊಂಡಳು.

"ಭಟ್ಟಿ ಓಣಿಯವ್ರಿಗೆ ಬಟ್ಟಿ ನೀರು," ಎಂದು ಖಾಸಿಂ ಬಾಗಿಲು ತೆಗೆದ.

*

ಗಾಳೆಮ್ಮ ಅಂಗಳದಲ್ಲಿ ಎಲೆ ಅಡಿಕೆಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಹನ್ನೆರಡನೇ ವಯಸ್ಸಿಗೆ ಹಿಡಿದ ಎಲೆಯನ್ನು ಅವಳು ಊಟ, ನಿದ್ದೆಗೆ ಬಿಟ್ಟರೆ ಮತ್ತಾವುದಕ್ಕೂ ಬಿಟ್ಟವಳಲ್ಲ. ಮಾತು ಕೇಳಿ ನೀಲಮ್ಮನೂ ಬಂದು ಕಂಬಕ್ಕೆ ಒರಗಿದಳು, ಅವಳ ಹಿಂದೆ ಅರ್ಧ ಓಣಿ.

ಐರಿನ್ ಶುದ್ಧ ನೀರಿಗೆ ಒಂದು ಹನಿ ಹಿಡಿಸಕ್ಕರೆ ಬಿಟ್ಟು ಕೊಟ್ಟಳು. "ಇದನ್ನು ನೋಡಿ ಹೇಳಿ ಹುಲಿಗೆಮ್ಮ. ಚಪ್ಪೆಯಾ, ಸಿಹಿಯಾ?"

"ಚಪ್ಪೆ ಅಂದ್ರ ಏನಬೇ?" ಎಂದಳು ಗಾಳೆಮ್ಮ. "ಚಪ್ಪಲಿ ಏನು?"

"ಸಪ್ಪೆ, ಸಪ್ಪೆ. ನಮ್ಮ ಕಡೆ ಚಪ್ಪೆ ಅಂತೇವೆ."

ಹುಲಿಗೆಮ್ಮ ಕಣ್ಣು ಮುಚ್ಚಿ ಗುಟುಕು ಹಾಕಿದಳು. ಅವಳು ಕಣ್ಣು ತೆರೆದಾಗ ಮುಖದಲ್ಲಿ ಏನೋ ಕುಸಿದಿತ್ತು.

"ಸಪ್ಪೆ."

"ಇದು ಶುದ್ಧ ನೀರು," ಎಂದಳು ಐರಿನ್ ಮೆತ್ತಗೆ. "ಇದರಲ್ಲಿ ಎಂತದೂ ಇಲ್ಲ. ಎಲೆ ಹಾಕಿದ್ದೀರಿ, ಅಲ್ವಾ?"

"ಇಲ್ರೀ ಮೇಡಂ."

"ಹಾಕಿದ್ರೆ ಹಾಕಿದ್ದೇನೆ ಅಂತ ಹೇಳಿ. ಬಯ್ಯುವುದಿಲ್ಲ. ಬೇರೆಯವರನ್ನು ನೋಡ್ತೇವೆ, ಅಷ್ಟೇ."

"ನನ್ನ ನಾಲಿಗಿ ಸುಳ್ಳು ಹೇಳಂಗಿಲ್ರೀ."

"ನಾಲಿಗಿ ಹೇಳಂಗಿಲ್ಲ, ನಾಲಿಗಿ ಇಟ್ಕೊಂಡಾಕಿ ಹೇಳತಾಳ," ಎಂದಳು ನೀಲಮ್ಮ.

ಗಾಳೆಮ್ಮ ಬಾಯಿಯ ಎಲೆಯನ್ನು ಅಂಗಳದಾಚೆ ಉಗುಳಿ ಎದ್ದು ನಿಂತಳು. ಅವಳು ಮಾತಿಗಾಗಿ ಎಲೆ ಉಗುಳಿದ್ದನ್ನು ಓಣಿ ನೋಡಿದ್ದು ಅದೇ ಮೊದಲು.

"ಯಾಕಬೇ ನೀಲಿ, ನನ್ನ ಮನ್ಯಾಗ ಎಲಿ ಕದ್ದು ತಿನ್ನೂವಷ್ಟು ಬಡತನ ಐತೇನು? ತಿಂದ್ರ ನನ್ನ ತಟ್ಟಿಯಾಗಿಂದ ಎದುರಿಗೇ ತಿಂತಾಳ. ಇಲ್ಲಾಂದ್ರ ಇಲ್ಲ."

ಐರಿನ್ ಲಿಟ್ಮಸ್ ಕಾಗದ ತೆಗೆದಳು. "ಇದಕ್ಕೆ ಸ್ವಲ್ಪ ಎಂಜಲು ಹಚ್ಚಿದರೆ ಗೊತ್ತಾಗ್ತದೆ. ಸುಣ್ಣ ಇದ್ದರೆ ಕೆಂಪು ಕಾಗದ ನೀಲಿ ಆಗ್ತದೆ."

"ನಿನ್ನ ಕಾಗದ ನೀನಿಟ್ಕ," ಎಂದಳು ಗಾಳೆಮ್ಮ. "ಕೆಂಪಂತ, ನೀಲಿ ಅಂತ! ಅರಿಶಿಣ ತರ್ರಿ. ಸುಣ್ಣ ಬಿದ್ರ ಅರಿಶಿಣ ಕೆಂಪಾಗತೈತಿ. ಅದನ್ನ ಈ ಓಣಿ ನಂಬತೈತಿ."

ನೀಲಮ್ಮನ ಮನೆಯಿಂದಲೇ ಅರಿಶಿಣ ಬಂತು, ಮೋಸವಿರಬಾರದೆಂದು. ಗಾಳೆಮ್ಮ ಎರಡು ಚಿಟಿಕೆ ಬೇರೆಬೇರೆ ನೀರಲ್ಲಿ ಕಲಸಿದಳು. ಮೊದಲನೆಯದಕ್ಕೆ ತಾನು ಉಗುಳಿದಳು. ಅದು ನೋಡನೋಡುತ್ತ ಕುಂಕುಮದ ಬಣ್ಣಕ್ಕೆ ತಿರುಗಿತು. ಎರಡನೆಯದಕ್ಕೆ ಸೊಸೆಯಿಂದ ಉಗುಳಿಸಿದಳು.

ಅದು ಹಳದಿಯಾಗಿಯೇ ಉಳಿಯಿತು.

ಐರಿನ್ ತನ್ನ ಕಾಗದವನ್ನೂ ಅದ್ದಿ ನೋಡಿದಳು. ಕೆಂಪು ಕೆಂಪಾಗಿಯೇ ಇತ್ತು. ಸುಣ್ಣವಲ್ಲ. ಅವಳಿಗೆ ಮೊದಲು ನಾಚಿಕೆಯಾಯಿತು, ನಂತರ ಹೆದರಿಕೆ. ಶುದ್ಧ ನೀರು, ಸುಣ್ಣವಿಲ್ಲದ ಬಾಯಿ, ಆದರೂ ಹಿಡಿಸಕ್ಕರೆಯ ಕೈಗಳು ತುಂಬಿವೆ. ಹಾಗಾದರೆ ಅದು ಏನನ್ನು ಹಿಡಿದಿದೆ?

"ಹುಲಿಗೆಮ್ಮ," ಎಂದಳು, "ನನ್ನ ಜೊತೆ ಬನ್ನಿ. ಈಗಲೇ."

*

ಖಾಸಿಂ ಹುಲಿಗೆಮ್ಮನ ಎಂಜಲನ್ನು ಮಾಪಕಕ್ಕೆ ಹಾಕಿದ. ಅಂಕಿ ಏರಿತು. ಏರಿ, ನಿಲ್ಲದೆ, ಇನ್ನೂ ಏರಿತು. ಅವನು ಏನೂ ತಮಾಷೆ ಮಾಡಲಿಲ್ಲ. ಅಂಕಿಯನ್ನು ಒಮ್ಮೆ, ಐರಿನ್‌ಳನ್ನು ಒಮ್ಮೆ ನೋಡಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ.

ಐರಿನ್ ಕುರ್ಚಿಯನ್ನು ಹತ್ತಿರ ಎಳೆದಳು.

"ನಿಮ್ಮ ನಾಲಿಗೆ ಸುಳ್ಳು ಹೇಳಲಿಲ್ಲ. ತಪ್ಪು ನನ್ನದು. ಸೀಸ ನೀರಲ್ಲಿ ಇಲ್ಲ, ನಿಮ್ಮ ಬಾಯಲ್ಲಿ ಉಂಟು. ಎಲ್ಲಿಂದ ಬಂತು ಅಂತ ನೀವೇ ಹೇಳಬೇಕು. ಎಂತ ತಿಂತೀರಿ?"

"ಎಲ್ಲಾರೂ ತಿನ್ನೂದೇ ರೊಟ್ಟಿ, ಪಲ್ಲೆ."

"ಮತ್ತೆ?"

ಹುಲಿಗೆಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಪರದೆಯ ಮೇಲೆ ಊರು ಹಸಿರಾಗಿ ಮಿನುಗುತ್ತಿತ್ತು.

"ನಮ್ಮ ಅತ್ತಿ ಮುಂದ ಹೇಳಬ್ಯಾಡ್ರಿ."

"ಇಲ್ಲ."

"ಓಣ್ಯಾಗೂ. ರುಚಿಯಕ್ಕ ಆದಾಕಿ ಬಾಯಿ ಚೊಕ್ಕ ಇರಬೇಕಲ್ರೀ." ಸೊಂಟದ ಮಡಿಕೆಯಿಂದ ಸಣ್ಣ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಬಿಚ್ಚಿದರೆ, ಒಳಗೆ ಬೆರಳುಗಾತ್ರದ ಮಣ್ಣಿನ ಹೆಂಟೆಗಳು. "ಬಯಕಿ ಮೇಡಂ. ಐದನೇ ತಿಂಗಳಿಂದ. ತಡಿಯಾಕ ಆಗಂಗಿಲ್ಲ. ಬೆಳಿಗ್ಗೆದ್ದು ಒಂಚೂರು ಬಾಯಾಗ ಹಾಕ್ಕೊಂಡ್ರನ ಜೀವ ನಿಲ್ಲೂದು. ನಲ್ಲಿಗೆ ಬರೂ ಮುಂಚೆ ನಾಕು ಸಲ ಬಾಯಿ ಮುಕ್ಕಳಿಸಿ ಬರ್ತಿದ್ದೆ, ದೇವರಾಣಿ."

"ಎಲ್ಲಿಯ ಮಣ್ಣು ಇದು?"

"ಹುತ್ತಿಂದು."

"ಯಾವ ಹುತ್ತ?"

"ಭಟ್ಟಿ ಹಿಂದಿಂದು. ಬೇಲಿ ಒಳಗ. ಮೊದ್ಲು ಹಳ್ಳದ ದಂಡಿ ಹುತ್ತಿಂದು ತಿಂತಿದ್ದೆ. ಆಮ್ಯಾಲ ಇದು ಸಿಕ್ತು." ಅವಳು ತಲೆಯೆತ್ತಿದಳು; ದನಿಯಲ್ಲಿ ತಪ್ಪಿತಸ್ಥರ ಸಂತೋಷ. "ಇದರಂಥಾದ್ದು ಎಲ್ಲೂ ಇಲ್ರೀ. ಇದು ಸಿಹಿ ಇರ್ತೈತಿ."

ಐರಿನ್‌ಗೆ ಕಾಲೇಜಿನ ಮೊದಲ ವರ್ಷ ಓದಿದ್ದ ಒಂದು ಸಾಲು ನೆನಪಾಯಿತು: ಸೀಸದ ಕೆಲವು ಲವಣಗಳು ಸಿಹಿ. ಹಿಂದೊಂದು ಕಾಲದಲ್ಲಿ ದೂರದೇಶದ ಜನ ದ್ರಾಕ್ಷಾರಸಕ್ಕೆ ಅದನ್ನು ಬೆರೆಸಿ ಕುಡಿದಿದ್ದರು. ಸೀಸ ನಾಲಿಗೆಯನ್ನು ನೇರವಾಗಿ ಮುಟ್ಟಿದರೆ ಸಿಹಿಯ ವೇಷ ಹಾಕುತ್ತದೆ. ಹಿಡಿಸಕ್ಕರೆ ಅದನ್ನು ಹಿಡಿದ ಕೂಡಲೇ ಎರಡರ ವೇಷವೂ ಕಳಚುತ್ತದೆ. ಸಿಹಿ ಮಣ್ಣಿನಿಂದ ಸಪ್ಪೆ ನೀರು. ಈ ಹೆಂಗಸಿನ ಬಾಯಿ ತನ್ನ ಮಾಪಕಕ್ಕಿಂತ ಮೊದಲೇ ಅದನ್ನು ಕೂಗಿ ಹೇಳುತ್ತಿತ್ತು, ತಾನೋ ಅವಳ ಸೆರಗಿನಲ್ಲಿ ಸುಣ್ಣದ ಡಬ್ಬಿ ಹುಡುಕುತ್ತಿದ್ದಳು.

"ನನ್ನ ಮಗೂಗೆ ಏನಾರ...?" ಎಂದಳು ಹುಲಿಗೆಮ್ಮ.

"ಗೊತ್ತಿಲ್ಲ. ಇವತ್ತೇ ರಕ್ತ ಪರೀಕ್ಷೆ ಮಾಡಿಸುವ. ಆದರೆ ಒಂದು ಗೊತ್ತುಂಟು: ನೀವು 'ಸಿಹಿ' ಅಂತ ಸುಳ್ಳು ಹೇಳಿ ಸುಮ್ಮನಿದ್ದಿದ್ರೆ ಇನ್ನೂ ಎರಡು ತಿಂಗಳು ಇದೇ ಮಣ್ಣು ತಿಂತಿದ್ರಿ."

*

ಹುತ್ತ ಬೇಲಿಯೊಳಗೆ, ಹುಲ್ಲಿನ ನಡುವೆ, ಸೊಂಟದೆತ್ತರಕ್ಕೆ ಬೆಳೆದಿತ್ತು. ಬುಡದಲ್ಲಿ ಒಣಗಿದ ಹೂ, ಹಾಲಿನ ಕಲೆ; ಪಂಚಮಿಗೆ ಓಣಿಯವರು ಬೇಲಿ ದಾಟಿ ಬಂದು ಪೂಜೆ ಮಾಡಿದ್ದರು. ಖಾಸಿಂ ಚಿಟಿಕೆ ಮಣ್ಣು ತೆಗೆದು ಕೈಮಾಪಕಕ್ಕೆ ಹಾಕಿದ. ಅಂಕಿ ಮಾಪಕದ ಮಿತಿಗೆ ಹೋಗಿ ಮುಟ್ಟಿ ನಿಂತಿತು. ಒಂದು ಮಾರು ದೂರದ ಹುಲ್ಲಿನ ಬುಡದ ಮಣ್ಣು ಹಾಕಿದ. ಸೊನ್ನೆ.

"ಇದೇನ್ ಮೇಡಂ, ಇಲ್ಲೆ ಸೊನ್ನಿ, ಇಲ್ಲೆ ಸಾವು?"

ಐರಿನ್ ಮೊಣಕಾಲೂರಿ ಹುತ್ತದ ಗೋಡೆಯನ್ನೇ ನೋಡುತ್ತಿದ್ದಳು. ಬಿರುಕಿನಲ್ಲಿ ಗೆದ್ದಲುಗಳು ಬಿಳಿ ಅಕ್ಕಿಕಾಳಿನಂತೆ ಹರಿದಾಡುತ್ತಿದ್ದವು, ಒಂದೊಂದರ ಬಾಯಲ್ಲೂ ಒಂದೊಂದು ಹರಳು. ಗೆದ್ದಲಿಗೆ ಹಸಿ ಮಣ್ಣು ಬೇಕು, ಅದು ಆಳದಲ್ಲಿ ಸಿಗುತ್ತದೆ. ತಜ್ಞರು ಆಳೆತ್ತರ ಶುದ್ಧ ಮಣ್ಣು ಹಾಕಿ ಕೈ ತೊಳೆದುಕೊಂಡಿದ್ದರು. ಗೆದ್ದಲು ಆ ಶುದ್ಧ ಮಣ್ಣನ್ನು ಕೊರೆದು ಕೆಳಗಿಳಿದು, ಭಟ್ಟಿಯ ಹಳೆಯ ನೆಲವನ್ನು ಕಾಳು ಕಾಳಾಗಿ ಮೇಲಕ್ಕೆ ಹೊತ್ತು ತಂದಿತ್ತು. ಪರದೆಯ ಮೇಲಿನ ಹಸಿರು ಚುಕ್ಕೆಗಳೆಲ್ಲ ಸೀಸ ಕೆಳಗಿಳಿಯುವುದನ್ನೇ ಕಾಯುತ್ತಿದ್ದವು. ಮಣ್ಣು ಮೇಲೇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

"ಒಡೆದು ತೆಗಿಸೂಣೇನು?" ಎಂದ ಖಾಸಿಂ, ಕೇಳಬಾರದ್ದನ್ನು ಕೇಳುವ ದನಿಯಲ್ಲಿ.

"ಬೇಡ. ಇದು ಇಲ್ಲದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ಸುತ್ತ ಗಟ್ಟಿ ಬೇಲಿ ಹಾಕಿಸುವ. ಮತ್ತೆ, ಈ ಜಾಗದಲ್ಲಿ ಎಲ್ಲೆಲ್ಲಿ ಹುತ್ತ ಏಳ್ತದೋ ಅದನ್ನೆಲ್ಲ ನಕ್ಷೆಗೆ ಹಾಕು. ಗೆದ್ದಲು ಎಲ್ಲಿ ತೋರಿಸ್ತದೋ ಅಲ್ಲಿ ಅಗೆದು, ಕೆಳಗಿನ ಮಣ್ಣನ್ನೇ ಹೊರಗೆ ಸಾಗಿಸಬೇಕು. ಮೇಲೆ ಮುಚ್ಚಿದ್ದು ಸಾಕು."

"ಆತು. ಪಗಾರ ಇಲ್ಲದ ನೌಕರರು, ರಜಾನೂ ಕೇಳಂಗಿಲ್ಲ."

ಆ ವಾರ ರುಚಿಯಕ್ಕಗಳ ಕೆಲಸ ತಿರುಗುಮುರುಗಾಯಿತು. ನೀರಿನ ರುಚಿ ನೋಡುವ ಬದಲು ಅವರು ಶುದ್ಧ ನೀರು, ಹಿಡಿಸಕ್ಕರೆ ಹಿಡಿದು ಮನೆಮನೆಗೆ ಹೋದರು. ಬಾಯಿ ಮುಕ್ಕಳಿಸಿ ಒಂದೊಂದು ಗುಟುಕು ಕುಡಿಯಿರಿ, ಯಾರಿಗೆ ಸಪ್ಪೆಯೋ ಹೇಳಿ. ಮಕ್ಕಳು ಇನ್ನೊಂದು ಗುಟುಕು ಬೇಕೆಂದು ಎರಡೆರಡು ಸಲ ಸಾಲಿಗೆ ಬಂದರು. ಎಲೆ ಹಾಕುವವರನ್ನು ಎಲೆ ಉಗುಳಲು ಒಪ್ಪಿಸುವುದೇ ದೊಡ್ಡ ಪಾಡಾಯಿತು; ಗಾಳೆಮ್ಮನಂತೂ ಒಪ್ಪಲೇ ಇಲ್ಲ. ಹೆಚ್ಚಿನವರಿಗೆ ಸಿಹಿ. ಬೇಲಿಯ ಬಳಿ ಆಡುವ ಕೆಲವು ಮಕ್ಕಳಿಗೆ, ಎರಡು ಮೂರು ಹೆಂಗಸರಿಗೆ ಸಪ್ಪೆ.

ಭಟ್ಟಿ ಓಣಿಯ ಸರದಿ ಮುಗಿದ ಮರುದಿನ ಸಂಜೆ ನೀಲಮ್ಮ ಹುಲಿಗೆಮ್ಮನ ಬಾಗಿ​ಲಲ್ಲಿ ನಿಂತಳು, ಒಳಗೆ ಬರದೆ.

"ನನ್ನ ಮಗಳು ಚೊಚ್ಚಲ ಹೆರಿಗಿಗೆ ಬಂದಾಳಲ್ಲ, ಆಕಿಗೂ ಸಪ್ಪೆ ಅಂತ," ಎಂದಳು. "ಹುತ್ತಿನ ಮಣ್ಣು ನಾನ ತಂದು ಕೊಟ್ಟಿದ್ದೆ ಆಕಿಗೆ. ಬಯಕಿ ಅಂದ್ಲು. ಬಸುರ್ಯಾಗ ಬಯಸಿದ್ದು ಕೊಡಬೇಕಂತಾರಲ್ಲ."

"ಒಳಗ ಬಾ," ಎಂದಳು ಹುಲಿಗೆಮ್ಮ. "ನಾಳೆ ದವಾಖಾನಿಗೆ ಕೂಡೇ ಹೋಗೂಣು."

ಹಾಗೆ ಅವಳ ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. ಗಾಳೆಮ್ಮ ಕೇಳಿ, "ಮಣ್ಣು ತಿಂದ್ರ ತಿನ್ಲಿ ಬಿಡು, ನಾನೂ ಮಾರೆಪ್ಪನ್ನ ಹಡಿಯೂ ಮುಂಚೆ ಬೂದಿ ತಿಂದಾಕಿ. ಹೇಳಿದ್ರ ಒಳ್ಳೆ ಮಣ್ಣು ತೋರಸತಿದ್ದೆ" ಎಂದಳು. ಅಷ್ಟು ದಿನ ಅದಕ್ಕೆ ಹೆದರಿದ್ದ ಹುಲಿಗೆಮ್ಮ ನಗಬೇಕೋ ಅಳಬೇಕೋ ತಿಳಿಯದೆ ಒಲೆಯ ಕಡೆ ತಿರುಗಿದಳು.

*

ಹುಲಿಗೆಮ್ಮನ ರಕ್ತದಲ್ಲಿ ಸೀಸ ಹೆದರುವಷ್ಟು ಇರಲಿಲ್ಲ, ಬಿಡುವಷ್ಟೂ ಇರಲಿಲ್ಲ. ಕಬ್ಬಿಣ ಮಾತ್ರ ತಳ ಕಂಡಿತ್ತು. ದವಾಖಾನೆಯ ಡಾಕ್ಟರು ಎರಡನ್ನೂ ಒಂದಕ್ಕೊಂದು ಹೆಣೆದು ಹೇಳಿದರು: ರಕ್ತದಲ್ಲಿ ಕಬ್ಬಿಣ ಇಲ್ಲದ್ದಕ್ಕೇ ಮಣ್ಣಿನ ಬಯಕೆ, ಕಬ್ಬಿಣ ಇಲ್ಲದ ದೇಹ ಆ ಜಾಗಕ್ಕೆ ಸೀಸವನ್ನು ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ. ಮೊದಲು ಕಬ್ಬಿಣ ತುಂಬಬೇಕು. ದಿನಾ ಊಟದ ಜೊತೆ ಹಿಡಿಸಕ್ಕರೆ. ಹೊಟ್ಟೆಯಲ್ಲಿ ಉಳಿದ ಸೀಸವನ್ನು ಅದು ಅಲ್ಲೇ ಹಿಡಿದು ಹೊರಗೆ ಹೊತ್ತೊಯ್ಯಲಿ.

ಹುಲಿಗೆಮ್ಮನ ತೋಳಿಗೆ ಸಲೈನ್ ಹಾಕಿದ್ದರು. ಬಾಟಲಿಯೊಳಗಿನದು ಕಾಫಿ ಡಿಕಾಕ್ಷನ್ ಬಣ್ಣದ ದ್ರವ. ಪಕ್ಕದ ಮಂಚದಲ್ಲಿ ನೀಲಮ್ಮನ ಮಗಳಿಗೂ ಅದೇ.

"ಇದೇನ್ ಮೇಡಂ, ಇಷ್ಟು ಕರ್ರಗ?"

"ಇದೂ ಸಕ್ಕರೆಯೇ," ಎಂದಳು ಐರಿನ್. "ಕಬ್ಬಿಣವನ್ನು ಹಾಗೇ ರಕ್ತಕ್ಕೆ ಬಿಟ್ರೆ ಸುಡ್ತದೆ. ಅದಕ್ಕೆ ಸಕ್ಕರೆಯ ಕೈಯಲ್ಲಿ ಕೊಟ್ಟು ಕಳಿಸ್ತಾರೆ. ಸಕ್ಕರೆ ಅದನ್ನು ಸುತ್ತಿ ಹಿಡ್ಕೊಂಡು ಹೋಗಿ, ಬೇಕಾದಲ್ಲಿ ಬಿಟ್ಟುಕೊಡ್ತದೆ. ಇದು ನಾನು ಮಾಡಿದ್ದಲ್ಲ, ತುಂಬ ಹಳೇದು. ನನ್ನ ಸಕ್ಕರೆ ಹಿಡಿದ್ರೆ ಬಿಡುವುದಿಲ್ಲ. ಇದು ಹಿಡಿದು, ಬಿಡಬೇಕಾದಾಗ ಬಿಡ್ತದೆ."

ಹುಲಿಗೆಮ್ಮ ಬಾಟಲಿಯನ್ನು ದಿಟ್ಟಿಸಿ ನೋಡಿದಳು.

"ಹಂಗಾರ ನಿಮ್ದು ಅತ್ತಿಮನಿ ಸಕ್ಕರಿ, ಇದು ತವರುಮನಿ ಸಕ್ಕರಿ."

"ಕೇಳಸ್ತೈತಿ ನನಗ," ಎಂದಳು ಬಾಗಿಲ ಬಳಿ ಕೂತಿದ್ದ ಗಾಳೆಮ್ಮ. "ಹಿಡಿದು ಬಿಡದಾಕಿ ಇಲ್ಲೇ ಕುಂತೀನಿ. ತವರಿನವ್ರು ಎಲ್ಲಿ ಅದಾರ?"

ವಾರ್ಡು ನಕ್ಕಿತು. ಹುಲಿಗೆಮ್ಮನೂ ನಕ್ಕಳು, ಸೂಜಿ ಚುಚ್ಚಿದ ತೋಳನ್ನು ಅಲ್ಲಾಡದಂತೆ ಹಿಡಿದುಕೊಂಡು.

ಮೂರನೇ ಬಾಟಲಿ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ಎದ್ದು, ಮುಖ ತೊಳೆದು, ಚಹಾ ಕುಡಿದು, ಅಂಗಳ ಗುಡಿಸಿದಳು. ಆಮೇಲೆ ನೆನಪಾಯಿತು: ಆವತ್ತು ಮಣ್ಣಿನ ನೆನಪೇ ಆಗಿರಲಿಲ್ಲ.

*

ಹುಲಿಗೆಮ್ಮನ ಕುಬಸದ, ಅಂದರೆ ಸೀಮಂತದ, ದಿನವೇ ನೀರು ಬಿಟ್ಟರು. ಹೆರಿಗೆಗೆ ಹೆಚ್ಚು ದಿನ ಉಳಿದಿರಲಿಲ್ಲ. ರಕ್ತದ ಸೀಸ ಇಳಿದಿದೆ, ಕೂಸು ಬೆಳೆಯಬೇಕಾದಷ್ಟು ಬೆಳೆದಿದೆ ಎಂದು ಡಾಕ್ಟರು ಹೇಳಿದ ಮೇಲೆಯೇ ಗಾಳೆಮ್ಮ ಕುಬಸದ ಮಾತೆತ್ತಿದ್ದಳು. ಲಾರಿ ಬಿಟ್ಟು ಬಂದ ಮಾರೆಪ್ಪ ಹಂದರ ಹಾಕಿದ್ದ. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ಮುಡಿ ತುಂಬ ಹೂ. ಹೋಳಿಗೆ, ಕರ್ಚೀಕಾಯಿ, ಲಾಡು ತಟ್ಟೆಯಲ್ಲಿ ಕಾದಿದ್ದವು. ಅಷ್ಟರಲ್ಲಿ ನಲ್ಲಿಯ ಕಡೆಯಿಂದ ನೀಲಮ್ಮನ ದನಿ:

"ರುಚಿಯಕ್ಕ ಎಲ್ಲಿ? ನೀರು ಬಂದೈತಿ, ರುಚಿಯಕ್ಕನ್ನ ಕರೀರಿ!"

ಈ ದಿನಗಳಲ್ಲೆಲ್ಲ ಮೇಲಿನ ಓಣಿಯ ರುಚಿಯಕ್ಕ ಬಂದು ನೋಡಿ ಹೋಗುತ್ತಿದ್ದಳು. ಆವತ್ತು ಅವಳನ್ನು ಯಾರೂ ಕರೆದಿರಲಿಲ್ಲ.

ಹುಲಿಗೆಮ್ಮ ಹಸಿರು ಸೀರೆಯಲ್ಲೇ ನಡೆದು ಬಂದಳು. ಕುಬಸಕ್ಕೆ ಬಂದ ಐರಿನ್ ಬಾಗಿಲಲ್ಲಿ ನಿಂತು ನೋಡಿದಳು, ಹತ್ತಿರ ಹೋಗಲಿಲ್ಲ. ಲೋಟಕ್ಕೆ ನೀರು, ನೀರಿಗೆ ಒಂದು ಹನಿ. ಕೊಡಗಳ ಸಾಲು ಸುಮ್ಮನಾಯಿತು. ಹುಲಿಗೆಮ್ಮ ಗುಟುಕು ಹಾಕಿ ಕಣ್ಣು ಮುಚ್ಚಿದಳು. ಬಹಳ ಹೊತ್ತು ಮುಚ್ಚಿಯೇ ಇದ್ದಳು.

"ಏನಬೇ, ನಿದ್ದಿ ಬಂತೇನು?" ಎಂದಳು ನೀಲಮ್ಮ.

ಹುಲಿಗೆಮ್ಮ ಇನ್ನೊಂದು ಗುಟುಕು ಹಾಕಿದಳು. ಅದು ಪರೀಕ್ಷೆಗಲ್ಲ.

"ಸಿಹಿನೀರು!"

ಕೊಡಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತ ಮುಂದೆ ಸರಿದವು. ಆ ಗಲಾಟೆಯ ನಡುವೆ ಗಾಳೆಮ್ಮ ಸಾಲನ್ನು ಸೀಳಿಕೊಂಡು ಬಂದಳು.

"ತಾ ಇಲ್ಲಿ, ನಾನೂ ನೋಡತೀನಿ." ಲೋಟದಲ್ಲಿ ಉಳಿದದ್ದನ್ನು ಬಾಯಿಗೆ ಸುರಿದುಕೊಂಡು ಮುಖ ಕಿವಿಚಿದಳು. "ಸಪ್ಪಗೈತಿ ತಗಿ!"

ಓಣಿಯೆಲ್ಲ ನಕ್ಕಿತು. "ಅತ್ತೀ, ಎಲಿ ಉಗುಳಿ ಬರ್ರಿ!" ಎಂದಳು ಹುಲಿಗೆಮ್ಮ.

ಗಾಳೆಮ್ಮ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ಗಟಾರದ ಬದಿಗೆ ಹೋಗಿ ಎಲೆ ಉಗುಳಿದಳು. ಬಾಯಿ ಮುಕ್ಕಳಿಸಿದಳು. ಮತ್ತೆ ಮುಕ್ಕಳಿಸಿದಳು, ಒಸಡನ್ನು ಬೆರಳಿನಿಂದ ಉಜ್ಜಿ, ಸುಣ್ಣದ ಕೊನೆಯ ಕಲೆ ಹೋಗುವ ತನಕ. ಹಿಂತಿರುಗಿ ಬಂದು ಕೈಚಾಚಿದಳು. ಸೊಸೆ ಹೊಸ ಲೋಟ ತುಂಬಿ ಒಂದು ಹನಿ ಬಿಟ್ಟು ಕೊಟ್ಟಳು.

ಗಾಳೆಮ್ಮ ಕುಡಿದಳು. ಕೆಂಪು ಹತ್ತಿದ ತುಟಿಗಳು ಹಾಗೇ ನಿಂತವು.

"ಇಷ್ಟು ಸಿಹಿ ಇರ್ತಿತ್ತೇನ ಇದು?"

"ದಿನಾ ಇಷ್ಟ ಇರ್ತಿತ್ತು ಅತ್ತಿ."

"ನನಗೇನ್ ಗೊತ್ತು," ಎಂದಳು ಗಾಳೆಮ್ಮ. ಲೋಟದ ತಳದಲ್ಲಿ ಉಳಿದದ್ದನ್ನು ತಿರುಗಿಸಿ ನೋಡಿದಳು. "ಇಷ್ಟು ದಿನಾ ನೀ ಸಿಹಿ ಅಂದಿ ಅಂತ ಕುಡದೀನಿ."